ಗಬ್ಬುದಿಂಬಿಗೆ ಗೌಸು

ಟಕಟಕಟಕ ಅಂತ ಓಡ್ತಾ ಇದೆ ಸೂಜಿ, ನಿಲ್ಲು ಮಾರಾಯ್ತಿ ಅಂದ್ರೂ ನಿಲ್ತಾ ಇಲ್ಲ, ಗುವಾ ಮುಸಾಂಗ್ ಘಾಟಿ ಇಳಿಯೋ ಬಸ್ಸಿನ ಥರ, ಬ್ರೇಕ್ ಹಿಡಿದ್ರೂ ಇಳಿಜಾರು ಎಳ್ಕೊಂಡು ಹೋಗುತ್ತೆ — ಬಸ್ಸು, ಬಸ್ಸು, ಇವತ್ತು ಸಾಯಂಕಾಲ ಬಸ್ಸು, ಅಸರ್ ನಮಾಜು ಮುಗಿಸಿ ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೆ ಬಾಗಿಲ ಮುಂದೆ ಬಂದು ನಿಲ್ಲುತ್ತೆ, ನೆನೆಸ್ಕೊಂಡ್ರೆ ಸಾಕು ಕಾಲು ತಾನಾಗಿ ತಾನೇ ಪೆಡಲ್ ತುಳಿಯುತ್ತೆ, ಹೊಲಿಗೆ ಎಲ್ಲಿಗೋ ಹೋಗುತ್ತೆ, ಹೋಗ್ಲಿ, ನಾನೂ ಹೋಗ್ತಾ ಇದೀನಲ್ಲ, ಕೌಲಾಲಂಪುರಕ್ಕೆ, ದಿಕಿರ್ ಹಾಡೋ ದೊಡ್ಡ ಪಂದ್ಯಕ್ಕೆ, ಅಲ್ಲಿ ವೇದಿಕೆ ಮೇಲೆ ಹಾಕೋ ದೀಪ ಎಷ್ಟು ಬಿಸಿ ಅಂದ್ರೆ ಕೆಳಗೆ ಮೀನು ಹಿಡ್ಕೊಂಡು ನಿಂತ್ರೆ ಎರಡೂ ಮಗ್ಗುಲು ಸುಟ್ಟುಬರುತ್ತಂತೆ, ಯಾರು ಹೇಳಿದ್ದು, ನಾನೇ ಹೇಳಿದ್ದು, ನಿನ್ನೆ ಕಾಫಿ ಅಂಗಡೀಲಿ, ನೋಡಿಲ್ಲ ಇನ್ನೂ, ಹೋದ ಮೇಲೆ ನಿಜ ಆದ್ರೂ ಆಗಬಹುದು. ಈ ತುಂಪಾತ್ ದಂಡೇಲಿ ಹರಿದ ಬಲೆ ಕಟ್ಕೊಂಡು ಕೂತಿರೋ ಜುಸೋ, ಮೂರನೇ ಕ್ಲಾಸಲ್ಲಿ ಮೇಷ್ಟ್ರಿಗೇ ಪದ ಕಟ್ಟಿ ಹಾಡಿ ಓಡಿಬಂದೋನು ಮತ್ತೆ ಆ ಕಡೆ ತಲೆ ಹಾಕಿಲ್ಲ, ಅವನು ಕೌಲಾಲಂಪುರದಲ್ಲಿ ಮೈಕ್ ಹಿಡೀತಾನೆ ಅಂದ್ರೆ, ನಿಂತ ನಿಲುವಲ್ಲೇ ಪದ ಕಟ್ಟಿ ಎದುರಾಳಿ ಸವಾಲಿಗೆ ಜವಾಬು ಕೊಡ್ತಾನೆ ಅಂದ್ರೆ, ಹಿಂದೆ ಹಿಮ್ಮೇಳದ ಹುಡುಗರೆಲ್ಲ ಚಕ್ಕಳಮಕ್ಕಳ ಕೂತು ಚಪ್ಪಾಳೆ ತಟ್ಟಿ ಮೈ ತೂಗ್ತಾರೆ ಅಂದ್ರೆ — ಅಯ್ಯೋ ಬಟ್ಟೆ ಸುಕ್ಕಾಯ್ತು, ಎಳಿ, ನಿಧಾನಕ್ಕೆ ಎಳಿ, ಸೂಜಿ ಮುರಿದ್ರೆ ಹೆಂಡ್ತಿ ಮೆಕ್ ಯಾಮ್ ನನ್ನ ಮೂಳೆ ಮುರೀತಾಳೆ, ಮಿಷನ್ನು ಅವಳದ್ದು, ಅದಕ್ಕೆ ಎಣ್ಣೆ ಬಿಡೋದು ಅವಳೇ, ನನ್ನನ್ನ ಮುಟ್ಟೋಕೂ ಬಿಡ್ತಿರ್ಲಿಲ್ಲ, ಬೆಳಿಗ್ಗೆ ಹೋಗಿ ಒಂದು ಗೌಸು ಹೊಲ್ಕೊಡೇ ಅಂದೆ, ಯಾವುದಕ್ಕೆ ಅಂದ್ಲು, ಅದಕ್ಕೇ ಅಂದೆ, ಹೆಣಕ್ಕೆ ಹೊದಿಕೆ ಹೊಲಿಯೋದು ನನ್ನ ಕೆಲಸ ಅಲ್ಲ, ಮಿಷನ್ ಅಲ್ಲಿದೆ ನೀನೇ ಹೊಲ್ಕೋ ಅಬಾಂಗ್ ಅಂದ್ಲು, ಸಿಟ್ಟಲ್ಲೂ ಗಂಡನ್ನ ಅಬಾಂಗ್ ಅಂತಾನೇ ಕರೆಯೋದು, ಅಡುಗೆಮನೆಗೆ ಹೋಗಿಬಿಟ್ಲು, ಈಗ ಅಲ್ಲಿ ಬಾಳೆಲೆ ಸುರುಳಿ ಸುತ್ತಿ ದಾರಿಗೆ ಅನ್ನ ತುಂಬ್ತಾ ಇದಾಳೆ, ಮೀನಿನ ಸಾರು ಒಂದು ಪದರ, ಮೊಟ್ಟೆ ಒಂದು ಪದರ, ವಾಸನೆ ಇಲ್ಲಿಗೆ ಬರ್ತಾ ಇದೆ, ಬಸ್ಸು ತಾನಾ ಮೇರಾ ದಾಟೋ ಮುಂಚೆ ತಿಂದು ಮುಗಿಸಿಬಿಡ್ತೀನಿ, ತಡೆಯಕ್ಕಾಗಲ್ಲ.

ಹೆಣ ಅಂತೆ. ಬಾ ಇಲ್ಲಿ ನನ್ನ ರಾಜ, ನನ್ನ ಗಬ್ಬುದಿಂಬು, ತೊಡೆ ಮೇಲೆ ಬಾ, ಅವಳ ಮಾತಿಗೆ ಬೇಜಾರು ಮಾಡ್ಕೋಬೇಡ — ಎಲ್ಲರ ಮನೇಲೂ ಇರುತ್ತಪ್ಪ ಗಬ್ಬುದಿಂಬು, ಹುಟ್ಟಿದಾಗ ತಲೆ ಕೆಳಗೆ ಇಟ್ಟಿದ್ದು, ತೊಳೀಬಾರದು, ಬಿಸಿಲಿಗೆ ಹಾಕಿದ್ರೂ ಪಕ್ಕದಲ್ಲಿ ಕಾವಲು ಕೂರಬೇಕು, ಕಾಲೇಜಿಗೆ ಹೋಗೋ ಹುಡುಗೀರು ಪೆಟ್ಟಿಗೆ ತಳದಲ್ಲಿ ಮುಚ್ಚಿಟ್ಕೊಂಡು ಹೋಗ್ತಾರೆ, ಪೊಲೀಸ್ ಸಾಹೇಬರ ಮನೇಲೂ ಒಂದಿದೆ, ಅವರ ಹೆಂಡ್ತೀನೇ ಹೇಳಿದ್ದು, ಎಲ್ಲರೂ ಇಟ್ಕೊಂಡಿರ್ತಾರೆ ಯಾರೂ ಒಪ್ಪಲ್ಲ ಅಷ್ಟೆ, ಆದ್ರೆ ನನ್ನ ದಿಂಬಿನ ವಾಸನೆ ಇದೆಯಲ್ಲ, ಅದರ ಮುಂದೆ ಬೇರೆಯವರದ್ದೆಲ್ಲ ಅತ್ತರು, ಒಂದ್ಸಲ ಜೆಲಿ ಕಾಡಲ್ಲಿ ಲಾರಿ ಕೆಟ್ಟು ಮಲಗಿದ್ದಾಗ ಹುಲಿ ಬಂತು, ನನ್ನ ತಲೆ ಹತ್ರ ಮೂಗು ತಂತು, ಸೀನಿತು, ಇವನು ಆಗಲೇ ಸತ್ತು ತುಂಬಾ ದಿನ ಆಗಿದೆ ಅಂದ್ಕೊಂಡು ಹೋಗಿಬಿಡ್ತು, ನಂಬ್ದಿದ್ರೆ ಲಾರಿ ಡ್ರೈವರನ್ನ ಕೇಳಿ ಅಂತೀನಿ ಎಲ್ಲರಿಗೂ, ಡ್ರೈವರ್ ತೀರ್ಕೊಂಡು ಯಾವ ಕಾಲ ಆಯ್ತೋ. ಮದುವೆ ದಿನ ರಾತ್ರಿ ಮೆಕ್ ಯಾಮ್ ಮೂಗು ಮುಚ್ಕೊಂಡು ಮಂಚದ ತುದೀಲಿ ಕೂತಿದ್ಲು, ಒಂದೋ ಅದು ಇಲ್ಲಿ ಮಲಗುತ್ತೆ ಒಂದೋ ನಾನು ಅಂದ್ಲು, ನಾನು ಯೋಚನೆ ಮಾಡಿದೆ, ಅದೇ ತಪ್ಪು, ಯೋಚನೆ ಮಾಡಬಾರದಾಗಿತ್ತು, ಇವತ್ತಿಗೂ ನೆಂಟರು ಬಂದ್ರೆ ಹೇಳ್ತಾಳೆ, ಈ ಮನುಷ್ಯ ಅವತ್ತು ಯೋಚನೆ ಮಾಡಿದ ಕಣ್ರೇ ಅಂತ. ಅವತ್ತಿಂದ ಅವಳು ಅದನ್ನ ಮುಟ್ಟಿಲ್ಲ, ಹಾಸಿಗೆ ಕೊಡವೋವಾಗ ಪೊರಕೆ ಕಡ್ಡೀಲಿ ಎತ್ತಿ ನನ್ನ ಕಡೆ ಎಸೀತಾಳೆ, ಬೈದು ಬೈದು ಇಡ್ತಾಳೆ, ಅದು ಬಿಟ್ಟರೆ ಒಳ್ಳೇವಳು, ಬಹಳ ಒಳ್ಳೇವಳು, ಮೀನು ಕೊಳೆಸಿ ಅವಳು ಮಾಡೋ ಬುದು ಚಟ್ನಿ ತಿಂದ ಮೇಲೆ ಬೇರೆಯವರ ಮನೆ ಊಟ ಹುಲ್ಲು.

ಏನಂದ್ರೆ ದಿಂಬಿಲ್ದೆ ನಿದ್ದೆ ಇಲ್ಲ, ನಿದ್ದೆ ಇಲ್ದೆ ಗಂಟಲಿಲ್ಲ, ಗಂಟಲಿಲ್ದೆ ಜುಸೋ ಇಲ್ಲ, ಲೆಕ್ಕ ಸರಿಯಾಗಿದೆ, ಆದ್ರೆ ಅದೇ ಬಸ್ಸಲ್ಲಿ ಮೊಕ್ತಾರ್ ಬರ್ತಾನೆ, ಪಾಸಿರ್ ಮಾಸ್ ಮೇಳದ ಮೊಕ್ತಾರ್, ನಾಳೆ ನನ್ನ ಎದುರು ನಿಂತು ಹಾಡೋನು ಅವನೇ, ಎರಡೂ ಮೇಳಕ್ಕೆ ಒಂದೇ ಬಸ್ಸು ಮಾಡಿದಾರೆ ಪುಣ್ಯಾತ್ಮರು, ಕೋಳಿಪಂದ್ಯದ ಎರಡೂ ಹುಂಜ ಒಂದೇ ಬುಟ್ಟೀಲಿ. ಅವನು ಏನು ಕಂಡ್ರೂ ಹಾಡು ಮಾಡ್ತಾನೆ, ಪಾಪ ಆ ಬಾಚೋಕ್ ಊರಿನ ಹಾಡುಗಾರನ ಪೈಜಾಮದ ಲಾಡಿ ಒಂದ್ಸಲ ಹೊರಗೆ ಇಣುಕಿದ್ದಕ್ಕೆ ಅದರ ಮೇಲೇ ಪೂರ್ತಿ ಸಂಜೆ ಹಾಡಿದ, ಆ ಮನುಷ್ಯ ಆಮೇಲೆ ಹಾಡೋದೇ ಬಿಟ್ಟು ಐಸ್ ಮಾರ್ತಾ ಇದಾನೆ. ನನ್ನ ದಿಂಬು ಕಂಡ್ರೆ ಮುಗೀತು, ಮೊಮ್ಮಕ್ಕಳನ್ನ ಎತ್ತೋ ವಯಸ್ಸಿಗೆ ಬಂದ ಮಗು ಅಂತಾನೆ, ತೊಟ್ಟಿಲು ತನ್ನಿ ಅಂತಾನೆ, ಜೊಲ್ಲಲ್ಲಿ ದಿಂಬಿನ ಮೇಲೆ ದ್ವೀಪ ಬರೀತಾನೆ ನೋಡಿ ಅಂತ ಕೈ ಆಡಿಸಿ ಹಾಡ್ತಾನೆ, ಕೌಲಾಲಂಪುರ ಪೂರ್ತಿ ನಗುತ್ತೆ, ಟಿವಿಯವರೂ ಬರ್ತಾರಂತೆ, ನನ್ನ ಬಾಯಿ ಕಟ್ಟುತ್ತೆ, ಮೇಳದ ಹುಡುಗರು ತಲೆ ಎತ್ತೋ ಹಾಗಿಲ್ಲ. ಬಿಟ್ಟು ಹೋಗೋಣ ಅಂದ್ರೆ ತ್ರೆಂಗಾನು ಪಂದ್ಯ ನೆನಪಾಗುತ್ತೆ, ಅವಸರದಲ್ಲಿ ಅವತ್ತು ದಿಂಬು ಮನೇಲೇ ಮರೆತು ಹೋಗಿದ್ದೆ, ಕಣ್ಣು ಮುಚ್ಚಲಿಲ್ಲ, ಮೈಕ್ ಹಿಡಿದ್ರೆ ಬಾಯಿಂದ ಬಂದಿದ್ದು ಬಾತುಕೋಳಿ, ಮೊಕ್ತಾರ್ ಗೆದ್ದ, ಗೆದ್ದು ನನ್ನ ಬೆನ್ನು ತಟ್ಟಿದ, ಆ ತಟ್ಟಿದ್ದು ಇನ್ನೂ ಉರಿಯುತ್ತೆ. ಅದಕ್ಕೇ ಈ ಗೌಸು, ಇದು ನನ್ನ ಉಪಾಯ, ಕಡುನೀಲಿ ಬಟ್ಟೆ, ಗುಮಾಸ್ತರು ಪ್ಯಾಂಟು ಹೊಲಿಸ್ತಾರಲ್ಲ ಆ ಬಟ್ಟೆ, ಟೈಲರ್ ಹತ್ರ ಉಳಿದಿದ್ದ ತುಂಡು, ಇದನ್ನ ಹಾಕಿಬಿಟ್ರೆ ಯಾವುದೋ ಆಫೀಸರ ದಿಂಬು ಅಂತಾರೆ, ಸಲಾಂ ಹೊಡೆದ್ರೂ ಹೊಡೀಬಹುದು.

ಆಯ್ತು, ಮೂರು ಕಡೆ ಹೊಲಿಗೆ ಆಯ್ತು, ದಾರ ಕಚ್ಚಿ ಹರಿ, ತಿರುವು, ಒಳಮೈ ಹೊರಗೆ, ಮೂಲೆಗೆ ಬೆರಳು ಹಾಕಿ ತಳ್ಳು, ಆಹಾ ಎಂಥ ಮೂಲೆ, ಬಾ ರಾಜ ಒಳಗೆ ಬಾ — ಬರಲ್ವಾ, ಯಾಕೆ ಬರಲ್ಲ, ಉಸಿರು ಬಿಡು, ಹೊಟ್ಟೆ ಒಳಗೆ ಎಳ್ಕೋ, ಅರ್ಧ ಹೋಯ್ತು, ಇನ್ನರ್ಧ ಹೊರಗೆ, ದಪ್ಪಗಿರೋನು ಬಸ್ಸಿನ ಕಿಟಕೀಲಿ ಸಿಕ್ಕಿಹಾಕ್ಕೊಂಡ ಹಾಗೆ, ಅಳತೆ ಎಲ್ಲಿ ತಪ್ಪಿತು, ಗೇಣಲ್ಲಿ ಅಳೆದೆ, ಬಲೆ ಕಣ್ಣು ಗೇಣಲ್ಲೇ ಅಳೆಯೋದು, ಯಾವತ್ತೂ ತಪ್ಪಿಲ್ಲ — ಓ, ಅಳೆಯೋವಾಗ ದಿಂಬು ಕಂಕುಳಲ್ಲಿತ್ತು, ಬಸ್ಸಲ್ಲಿ ಹಿಡ್ಕೊಳ್ಳೋ ಹಾಗೇ ಹಿಡಿದು ಅಳೆದೆ, ಕಂಕುಳಲ್ಲಿದ್ದಾಗ ಅದು ಸಣ್ಣಗಿತ್ತು, ಕೆಳಗಿಟ್ರೆ ಉಬ್ಬಿಬಿಡ್ತು. ಮೆಕ್ ಯಾಮ್ ಹತ್ರ ಅಳತೆ ಪಟ್ಟಿ ಇತ್ತಲ್ಲ, ಕೇಳಬಹುದಿತ್ತಲ್ಲ, ಕೇಳಿದ್ರೆ ನಗ್ತಾಳೆ, ಈಗ ಬೇರೆ ಬಟ್ಟೆ ಇಲ್ಲ, ಹೊತ್ತೂ ಇಲ್ಲ, ಮಸೀದಿ ಕಡೆ ಜನ ಹೊರಟ್ರು, ಯೋಚನೆ ಮಾಡು ಜುಸೋ, ಗೌಸು ದೊಡ್ಡದು ಮಾಡಕ್ಕಾಗಲ್ಲ, ದಿಂಬು ಸಣ್ಣದು ಮಾಡಬಹುದು, ಅದರ ಮೈ ಮೇಲೆ ಎಷ್ಟು ಬಟ್ಟೆ ಇದೆ ಗೊತ್ತಾ, ಹಳೇದು ಹರಿದ್ರೆ ಅದನ್ನ ತೆಗೆಯೋದಿಲ್ಲ, ತೆಗೆದ್ರೆ ವಾಸನೆ ಹೋಗುತ್ತೆ, ಅದರ ಮೇಲೇ ಇನ್ನೊಂದು ಹಾಕೋದು, ಈರುಳ್ಳಿ ಥರ, ಹೊರಗಿಂದು ಒಂದೆರಡು ಸುಲಿದ್ರೆ ಏನೂ ಹೋಗಲ್ಲ, ವಾಸನೆ ಒಳಗೇ ಇರೋದು. ಬ್ಲೇಡು ಎಲ್ಲಿ, ಬಿಸ್ಮಿಲ್ಲಾ, ಕ್ಷಮಿಸು ರಾಜ. ಇದು ಮೇಲಿಂದು, ಗೆರೆ ಗೆರೆ ಲುಂಗಿ ತುಂಡು, ನೈಲಾನು ದಾರ, ಬಲೆ ಗಂಟು, ನನ್ನ ಕೈಕೆಲಸ, ತಿಮಿಂಗಿಲ ಎಳೆದ್ರೂ ಬಿಚ್ಚಲ್ಲ, ಇನ್ನೊಂದು, ಇದು ಚುನಾವಣೇಲಿ ಕೊಟ್ಟ ಅಂಗಿ, ಬಣ್ಣ ಹೋಗಿದೆ, ಪಕ್ಷಾನೂ ಹೋಗಿದೆ, ಇದೂ ನನ್ನ ಗಂಟೇ, ಹೋಗ್ಲಿ ಕಿತ್ತು ಹಾಕು, ಇನ್ನೊಂದು, ಹಿಟ್ಟಿನ ಚೀಲದ ಬಟ್ಟೆ, ಗಂಟು — ಈ ಗಂಟು ಯಾಕೆ ಬಲಕ್ಕೆ ತಿರುಗಿದೆ. ನಾನು ಎಡಗೈಯವನು, ನನ್ನ ಗಂಟು ಎಡಕ್ಕೇ ತಿರುಗೋದು, ಈ ದಂಡೇಲಿ ಬಲೆ ನೋಡಿದ ಕೂಡ್ಲೇ ಹೇಳ್ತಾರೆ ಇದು ಜುಸೋ ಕಟ್ಟಿದ್ದು ಅಂತ, ಇದು ನನ್ನ ಥರಾನೇ ಇದೆ, ದಾರಾನೂ ನಂದೇ, ಗಂಟಿನ ಸಾಲೂ ನಂದೇ, ಆದ್ರೆ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ. ಯಾರೋ ನನ್ನ ಹಾಗೆ ಕಟ್ಟೋಕೆ ನೋಡಿದಾರೆ. ಬಿಚ್ಚು, ಬಿಚ್ಚು, ಒಳಗೆ ಹಳದಿ ಕಾಣ್ತಾ ಇದೆ, ಹಳದಿ ನೆಲದ ಮೇಲೆ ನೇರಳೆ ಹೂವು, ಬಾತಿಕ್, ಒಳ್ಳೇ ಬಾತಿಕ್, ಕೈಯಲ್ಲಿ ಮೇಣ ಬರೆದಿದ್ದು, ಇಂಥ ಬಟ್ಟೆ ನಾನು ದಿಂಬಿಗೆ ಹಾಕೇ ಇಲ್ಲ, ಅಂಚಿಗೆ ಕೆಂಪು ದಾರದ ಹೊಲಿಗೆ, ಸಣ್ಣ ಸಣ್ಣದು, ಅಕ್ಕಿ ನುಚ್ಚಿನ ಹಾಗೆ, ಒಂದು ಕಡೆ ಆ ಕೆಂಪಿನೊಳಗೆ ಅದೇನೋ ಒಂದು ಕರೀ ಎಳೆ ಸೇರ್ಕೊಂಡಿದೆ, ದಾರ ಮುಗಿದು ಬೇರೆ ದಾರ ಹಾಕಿರಬೇಕು.

ಹಳದಿ ನೆಲ ನೇರಳೆ ಹೂವು, ಇದನ್ನ ನೋಡಿದೀನಿ, ಎಲ್ಲಿ ನೋಡಿದೀನಿ, ಸೊಂಟದಲ್ಲಿ ನೋಡಿದೀನಿ — ಮೆಕ್ ಯಾಮ್ ಸೊಂಟದಲ್ಲಿ, ಮದುವೆಗೆ ಅವಳಮ್ಮ ಕೊಟ್ಟ ಸರೋಂಗು, ಹಬ್ಬಕ್ಕೆ ಮಾತ್ರ ಉಡ್ತಿದ್ಲು, ನೆರೆ ಬಂದ ವರ್ಷ ಹೋಯ್ತು ಅದು, ನೀರು ತಗೊಂಡು ಹೋಯ್ತು ಅಬಾಂಗ್ ಅಂದ್ಲು, ನಾನು ಕೋಟ ಬಾರು ಮಾರ್ಕೆಟ್ಟೆಲ್ಲ ಸುತ್ತಿ ಅಂಥದ್ದೇ ಹುಡುಕ್ದೆ, ಸಿಗಲಿಲ್ಲ. ನೆರೆ ವರ್ಷ, ಅದೇ ತ್ರೆಂಗಾನು ವರ್ಷ, ನಾನು ದಿಂಬು ಮರೆತು ಅಲ್ಲಿ ಬಾತುಕೋಳಿ ಥರ ಕೂಗ್ತಾ ಇದ್ದೆ, ಇಲ್ಲಿ ಹೊಳೆ ಮನೆಯೊಳಗೆ ಬಂದಿತ್ತು, ರಸ್ತೆ ಕಟ್ಟಿತ್ತು, ಬರೋ ಹಾಗಿರಲಿಲ್ಲ, ಕೊನೆಗೆ ದೋಣಿ ಹಿಡ್ಕೊಂಡು ಬಂದ್ರೆ ಮಂಚ ಇಲ್ಲ, ಮಡಕೆ ಇಲ್ಲ, ಬಾತು ಇಲ್ಲ, ದಿಂಬು ಮಾತ್ರ ಅಟ್ಟದ ಮೇಲೆ ಒಣಗಿ ಗರಿಗರಿ ಕೂತಿದೆ, ಇದು ಹೇಗೆ ಬಂತೇ ಅಂದೆ, ನಂಗೇನು ಗೊತ್ತು, ಅದೇ ಈಜ್ಕೊಂಡು ಬಂದು ಹತ್ತಿರಬೇಕು ಅಂದ್ಲು, ಅಷ್ಟು ಸಾಕಾಯ್ತು ನಂಗೆ, ಅವತ್ತಿಂದ ಎಷ್ಟು ಕಾಫಿ ಅಂಗಡೀಲಿ ಹೇಳಿದೀನಿ, ದಿಂಬು ಹೊಳೇಲಿ ಈಜಿದ್ದು, ಮೊಸಳೆ ಬಂದು ಮೂಸಿ ವಾಂತಿ ಮಾಡ್ಕೊಂಡಿದ್ದು, ತೆಂಗಿನಮರ ಹತ್ತಿ ನೀರು ಇಳಿಯೋ ತನಕ ಕಾದು ಆಮೇಲೆ ಅಟ್ಟಕ್ಕೆ ನೆಗೆದಿದ್ದು, ನನ್ನ ಕಥೆಗಳಲ್ಲೆಲ್ಲ ಅದೇ ರಾಜ, ಹೇಳಿ ಹೇಳಿ ನಂಗೇ ನಿಜ ಆಗೋಗಿತ್ತು, ನೀರಲ್ಲಿ ಈಜೋ ದಿಂಬು ಕಣ್ಣಿಗೆ ಕಾಣ್ತಿತ್ತು, ಅವಳೂ ಕೂತು ಕೇಳ್ತಿದ್ಲು, ತುಟಿ ಒಂದು ಕಡೆ ಒತ್ತಿಕೊಂಡು ವೀಳ್ಯದೆಲೆ ಮಡಿಸ್ತಾ, ಒಂದಿನ ಆದ್ರೂ ಸುಳ್ಳು ಅಂದ್ಲಾ, ಅನ್ನಲಿಲ್ಲ. ಈಜಿಲ್ಲ ಇದು. ನೀರಲ್ಲಿ ನೆಂದು ಮುದ್ದೆಯಾಗಿತ್ತು, ಅವಳು ಹೊಟ್ಟೆ ಸೀಳಿ ಬೂರುಗದ ಹತ್ತಿ ತೆಗೆದು ಅಟ್ಟದ ಮೇಲೆ ಹರಡಿ ಒಣಗಿಸಿದಾಳೆ, ಆ ಮಳೇಲಿ ಎಲ್ಲಿಂದ ತಂದ್ಲೋ ಬಿಸಿಲು, ಒಳಗಿನ ಬಟ್ಟೆ ಕೊಳೆತು ಹೋಗಿರಬೇಕು, ಬೇರೆ ಬಟ್ಟೆ ಇರಲಿಲ್ಲ, ಉಟ್ಟಿದ್ದು ಬಿಟ್ಟು ಅದೊಂದೇ ಉಳಿದಿತ್ತೇನೋ, ಕತ್ತರಿಸಿದಾಳೆ, ಕೆಂಪು ದಾರದಲ್ಲಿ ಹೊಲಿದಾಳೆ, ಮೇಲೆ ನನ್ನ ಹಿಟ್ಟಿನ ಚೀಲದ ಗೌಸೇ ಹಾಕಿ, ನಂಗೆ ಗೊತ್ತಾಗಬಾರದು ಅಂತ ನನ್ನ ಗಂಟನ್ನೇ ಕಲಿತು ಕಟ್ಟಿದಾಳೆ, ಬಲಗೈಯಲ್ಲಿ. ಮುಟ್ಟಲ್ಲ ಅಂದೋಳು. ಪೊರಕೆ ಕಡ್ಡೀಲಿ ಎತ್ತೋಳು.

ತಡಿ, ತಡಿ, ವಾಸನೆ. ನೆರೆ ನೀರಲ್ಲಿ ನೆಂದ ಮೇಲೆ ವಾಸನೆ ಎಲ್ಲಿ ಉಳಿಯುತ್ತೆ, ಹೊಳೆ ಆನೇನೇ ತೊಳೆದು ಬಿಳಿ ಮಾಡುತ್ತೆ, ಆದ್ರೆ ಅವತ್ತು ಮನೆಗೆ ಬಂದು ತಲೆ ಇಟ್ಟ ಕೂಡ್ಲೇ ನಿದ್ದೆ ಬಂತಲ್ಲ, ನನ್ನ ದಿಂಬೇ, ಅದೇ ವಾಸನೆ ಅಂತ ಕಣ್ಣಲ್ಲಿ ನೀರು ಬಂತಲ್ಲ, ಆ ವಾಸನೆ ಯಾರದು, ಮೂಗು ಇಡು, ಇಲ್ಲಿ, ಬಾತಿಕ್ ಮೇಲೆ, ಬರೀ ಬಾತಿಕ್ ಮೇಲೆ — ಹೊಗೆ, ಮೀನು, ಅದರ ಕೆಳಗೆ ತೆಂಗಿನೆಣ್ಣೆ, ಪಾಂಡಾನ್ ಎಲೆ ಹಾಕಿ ಕಾಯಿಸಿದ ತೆಂಗಿನೆಣ್ಣೆ, ನಾನು ತಲೆಗೆ ಎಣ್ಣೆ ಹಾಕಲ್ಲ, ಈ ಎಣ್ಣೆ ಕಾಯಿಸೋದು ಈ ಮನೇಲಿ ಒಬ್ಬಳೇ. ನಾನು ಬರೋ ತನಕ ದಿನಾ ಅದರ ಮೇಲೆ ಮಲಗಿದಾಳೆ. ವಾಸನೆ ವಾಪಸ್ ಬರಲಿ ಅಂತ. ಇಷ್ಟು ವರ್ಷ ನಾನು ನಂದು ನಂದು ಅಂತ ಮೂಸ್ತಾ ಇದ್ದಿದ್ದು, ನನ್ನ ಗಂಟಲು ತಂದಿದ್ದು, ಎಷ್ಟೊಂದು ಊರಲ್ಲಿ ನನ್ನ ಗೆಲ್ಲಿಸಿದ್ದು — ಪೋಂ, ಪೋಂ, ಬಸ್ಸು, ಬಂದೇಬಿಡ್ತು ಬಸ್ಸು, ಹುಡುಗರು ಕಿಟಕಿ ಬಡೀತಾ ಇದಾರೆ, ನನ್ನನ್ನ ಕರೀತಾ ಇದಾರೆ, ಪಾಕ್ ಸೋ ಬನ್ನಿ ಪಾಕ್ ಸೋ ಅಂತ, ಅದರ ಮೇಲೆ ಮೊಕ್ತಾರ್ ದನಿ, ಗಂಟೆ ಥರ ದನಿ ಆ ಕಳ್ಳಂದು, ಏನ್ ಜುಸೋ, ಹೆಂಡ್ತಿ ಬಿಡ್ತಾ ಇಲ್ವಾ ಇಲ್ಲ ನೀನು ಬಿಡ್ತಾ ಇಲ್ವಾ, ಎಲ್ಲರೂ ನಕ್ರು, ನಗ್ಲಿ. ಮೆಕ್ ಯಾಮ್ ಬಾಗಿಲಲ್ಲಿ ನಿಂತಿದಾಳೆ, ಬಾಳೆಲೆ ಸುರುಳಿಗಳ ಗಂಟು ಕೈಯಲ್ಲಿ, ನನ್ನ ನೋಡಿದ್ಲು, ತೊಡೆ ಮೇಲಿನ ಹಳದಿ ನೋಡಿದ್ಲು, ಸುತ್ತ ಬಿದ್ದಿರೋ ಬಟ್ಟೆ ಸಿಪ್ಪೆ ನೋಡಿದ್ಲು, ಅವಳ ಕಿವಿ ಕೆಂಪಾಯ್ತು, ಸರೋಂಗಿಗೆ ಕೈ ಒರೆಸ್ಕೊಂಡ್ಲು, ಅದನ್ನ ಮುಚ್ಚು ಅಬಾಂಗ್ ಅಂದ್ಲು, ಮೆಲ್ಲಗೆ, ಜನ ನೋಡ್ತಾರೆ.

ಮುಚ್ಚಲಾ, ನೀಲಿ ಗೌಸು ಕೈಯಲ್ಲೇ ಇದೆ, ಈಗ ಸರಿಯಾಗಿ ಹಿಡಿಯುತ್ತೆ, ಅಳೆದು ಮಾಡಿದ ಹಾಗೆ ಹಿಡಿಯುತ್ತೆ, ಹಾಕಿಬಿಟ್ರೆ ಆಫೀಸರು, ಬಸ್ಸು ಹತ್ತಿ ನಿದ್ದೆ, ನಾಳೆ ಗಂಟಲು — ಇಲ್ಲ, ಹಾಕಲ್ಲ, ನೀಲಿ ಇಲ್ಲೇ ಬಿದ್ದಿರ್ಲಿ ಮಿಷನ್ ಮೇಲೆ, ಹೀಗೇ ತಗೊಂಡು ಹೋಗ್ತೀನಿ, ಹಳದಿ ಮೇಲೆ ನೇರಳೆ, ಎದೆ ಮೇಲೆ ಹಿಡ್ಕೊಂಡು ಹೋಗಿ ಮೊಕ್ತಾರ್ ಪಕ್ಕದ ಸೀಟಲ್ಲೇ ಕೂರ್ತೀನಿ, ನೋಡ್ಲಿ, ಮೂಸ್ಲಿ, ಅವನ ಹತ್ರ ಅದೇನೋ ಕುದುರೆ ಲಾಳದ ಥರದ ದಿಂಬು ಇದೆಯಲ್ಲ ಕತ್ತಿಗೆ ಹಾಕ್ಕೊಳ್ಳೋದು, ಬಾಯಲ್ಲಿ ಗಾಳಿ ಊದೋದು, ಹಾಡ್ಲಿ ಅವನು ನಾಳೆ, ತೊಟ್ಟಿಲು ತರ್ಲಿ, ನಾನು ಜವಾಬು ಕೊಡ್ತೀನಿ, ಈಗಲೇ ಬರ್ತಾ ಇದೆ ಜವಾಬು, ಕೈ ಚಪ್ಪಾಳೆ ಕೇಳ್ತಾ ಇದೆ, ಹೊಳೆಯ ನೀರು ಕಡಲಿಗೆ ಹೋಯ್ತು, ಕಡಲಿನ ಮೀನು ಬಲೆಯೊಳಗಾಯ್ತು, ನಿನ್ನಯ ದಿಂಬನು ಗಾಳಿಯು ಊದಿತು, ನನ್ನಯ ದಿಂಬನು — ನನ್ನಯ ದಿಂಬನು — ಏನು, ಕಟ್ಟು, ಯಾವತ್ತೂ ನಾಲ್ಕನೇ ಸಾಲಿಗೆ ನಿಂತೋನಲ್ಲ ನೀನು, ಬಸ್ಸು ಮತ್ತೆ ಕೂಗ್ತಾ ಇದೆ, ನನ್ನಯ ದಿಂಬನು, ಹೆಬ್ಬೆರಳು ಕೆಂಪು ಹೊಲಿಗೆ ಮೇಲೇ ಹೋಗ್ತಾ ಇದೆ, ಅಕ್ಕಿ ನುಚ್ಚು ಅಕ್ಕಿ ನುಚ್ಚು ಅಕ್ಕಿ ನುಚ್ಚು, ಆ ಕರೀ ಎಳೆ ಹತ್ರ ಬಂದು ತಡೀತಾ ಇದೆ, ಉಗುರಲ್ಲಿ ಎತ್ತಿದೆ, ದಾರ ಅಲ್ಲ, ದಾರ ಹೀಗೆ ಹೊಳೆಯಲ್ಲ, ಎಳೆದ್ರೆ ಬರ್ತಾ ಇಲ್ಲ, ಹೊಲಿಗೆ ಬಿಗಿಯಾಗಿ ಹಿಡ್ಕೊಂಡಿದೆ, ದಿಂಬಿನ ಮೇಲೆ ಬಗ್ಗಿ ಹೊಲಿಯೋವಾಗ ಸಿಕ್ಕಿಹಾಕ್ಕೊಂಡಿರಬೇಕು, ಬಾಗಿಲಲ್ಲಿ ನಿಂತಿರೋಳ ತಲೆ ಪೂರ್ತಿ ಬೆಳ್ಳಗೆ, ಇಲ್ಲಿ, ಕೆಂಪು ಹೊಲಿಗೆಯೊಳಗೆ, ಉದ್ದಕ್ಕೆ, ಕಪ್ಪಗೆ, ಒಂದೇ ಒಂದು ಕೂದಲು